ಇಪ್ಪತ್ತೊಂದು ದಿನ ಮುಗಿದ ಮೇಲೆ ಬಂದ ಇಪ್ಪತ್ತೆರಡನೇ ದಿನ

ಬೆಳಿಗ್ಗೆ ಐದೂವರೆಗೆ ಅಪ್ಪನ ಫೋನ್ ಬರುತ್ತದೆ. ನಾನು ಧಾರವಾಡಕ್ಕೆ ಬಂದು ಎರಡು ವರ್ಷವಾಯಿತು, ಒಂದು ದಿನವೂ ತಪ್ಪಿಲ್ಲ. ಎಮ್ಮೆ ಹಿಂಡಿ, ಹಾಲನ್ನು ಡೇರಿಗೆ ಒಯ್ಯುವ ಮುಂಚೆ ಅಪ್ಪ ಮಾಡುವ ಕೆಲಸ ಅದು. ಮಾತು ಬಹಳ ಇರುವುದಿಲ್ಲ.

‘ಎದ್ದೀಯೇನಪಾ?’

‘ಹೂಂನಪಾ, ಎದ್ದೇನಿ. ಓದಾಕತ್ತೇನಿ.’

ಮೊದಲ ಒಂದು ವರ್ಷ ಈ ಉತ್ತರವನ್ನು ನಾನು ಹೊದಿಕೆಯೊಳಗಿಂದಲೇ ಕೊಟ್ಟಿದ್ದೇನೆ. ಫೋನ್ ಇಟ್ಟ ಮರುಕ್ಷಣ ಮತ್ತೆ ನಿದ್ದೆ. ಎಂಟೂವರೆಗೆ ಎದ್ದು, ಖಾನಾವಳಿಯಲ್ಲಿ ಉಪ್ಪಿಟ್ಟು ಮುಗಿಯುವ ಮುನ್ನ ಓಡುವುದು. ಕಾರಣ ಗುಟ್ಟೇನಲ್ಲ. ರಾತ್ರಿ ಹನ್ನೊಂದಕ್ಕೆ ‘ಐದೇ ನಿಮಿಷ’ ಎಂದು ಕೈಗೆತ್ತಿಕೊಂಡ ಮೊಬೈಲ್ ಕೆಳಗಿಡುವಾಗ ಒಂದೂವರೆಯೋ ಎರಡೋ ಆಗಿರುತ್ತಿತ್ತು. ಏನು ನೋಡಿದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಯಾರೋ ಟ್ರ್ಯಾಕ್ಟರ್ ಮೇಲೆ ಕುಣಿದರು, ಯಾರೋ ಬಿರಿಯಾನಿ ಬೇಯಿಸಿದರು, ಯಾರೋ ಬೆಳಿಗ್ಗೆ ನಾಲ್ಕಕ್ಕೆ ಏಳುವುದು ಹೇಗೆ ಎಂದು ಹೇಳಿಕೊಟ್ಟರು. ಈ ಕೊನೆಯದನ್ನು ರಾತ್ರಿ ಎರಡು ಗಂಟೆಗೆ ನೋಡಿದವನು ನಾನೊಬ್ಬನೇ ಇರಲಿಕ್ಕಿಲ್ಲ.

ಸಪ್ತಾಪುರದ ಆಸುಪಾಸಿನಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಗೊತ್ತು, ಇಲ್ಲಿ ನಮ್ಮ ಮೇಲೆ ಕಣ್ಣಿಡುವವರು ಯಾರೂ ಇಲ್ಲ. ಕಾಲೇಜಿನ ಹಾಜರಿ ಇಲ್ಲ, ಅವ್ವನ ಬೈಗುಳ ಇಲ್ಲ. ಊರಿನಿಂದ ತಿಂಗಳಿಗೆ ಆರು ಸಾವಿರ ಬರುತ್ತದೆ, ಅದರ ಜತೆ ಬೆಳಗಿನ ಐದೂವರೆಯ ಒಂದು ಪ್ರಶ್ನೆ ಬರುತ್ತದೆ. ಅಷ್ಟೇ.

ಕಳೆದ ವರ್ಷ ಜೂನ್‌ನಲ್ಲಿ ಕೋಚಿಂಗ್ ಕ್ಲಾಸಿಗೆ ವ್ಯಕ್ತಿತ್ವ ವಿಕಸನದ ಮೇಷ್ಟ್ರೊಬ್ಬರು ಬಂದಿದ್ದರು. ಬೋರ್ಡಿನ ಮೇಲೆ ದೊಡ್ಡದಾಗಿ 21 ಎಂದು ಬರೆದರು. ಯಾವ ಕೆಲಸವನ್ನೇ ಆಗಲಿ 21 ದಿನ ಬಿಡದೆ ಮಾಡಿದರೆ ಅದು ಅಭ್ಯಾಸವಾಗಿಬಿಡುತ್ತದೆ, ಇದು ವಿಜ್ಞಾನ ಎಂದರು. ನಾನು ಅಂದೇ ಸಂಜೆ ಗೋಡೆಯ ಕ್ಯಾಲೆಂಡರಿನಲ್ಲಿ ಜುಲೈ 1ಕ್ಕೆ ಗುರುತು ಹಾಕಿದೆ. ರಾತ್ರಿ ಹತ್ತೂವರೆಗೆ ಮೊಬೈಲ್ ಬಂದ್, ಬೆಳಿಗ್ಗೆ ಐದೂವರೆಗೆ ಎದ್ದು ಓದು. ದಿನಕ್ಕೊಂದು ಕೆಂಪು ಗೀಟು.

ಹೇಳಬೇಕೆಂದರೆ ನಾನು ಇಪ್ಪತ್ತೊಂದೂ ದಿನ ಪೂರೈಸಿದೆ. ಹಲ್ಲು ಕಚ್ಚಿ ಪೂರೈಸಿದೆ. ದಿಂಬಿನ ಪಕ್ಕ ಮೊಬೈಲ್ ಇಟ್ಟುಕೊಂಡು, ಅದನ್ನು ಮುಟ್ಟದೆ, ಚಾವಣಿ ನೋಡುತ್ತ ಮಲಗಿದೆ. 22ನೇ ದಿನ, ಇನ್ನು ಅಭ್ಯಾಸವಾಯಿತಲ್ಲ, ಹಲ್ಲು ಕಚ್ಚುವ ಅಗತ್ಯವಿಲ್ಲ ಎಂದು ಸಡಿಲ ಬಿಟ್ಟೆ. ಆ ರಾತ್ರಿ ಮಲಗಿದ್ದು ಒಂದು ಮುಕ್ಕಾಲಿಗೆ.

ಅದಕ್ಕಿಂತ ಕೆಟ್ಟದ್ದು ಮರುದಿನ ಆಯಿತು. ಎಲ್ಲರಿಗೂ 21 ದಿನದಲ್ಲಿ ಆಗುವುದು ನನಗೆ ಆಗಲಿಲ್ಲ ಎಂದರೆ ದೋಷ ನನ್ನಲ್ಲೇ ಇದೆ ಎಂದು ತೀರ್ಮಾನಿಸಿಬಿಟ್ಟೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ. ‘ಸೋಮವಾರದಿಂದ ಮತ್ತೆ’ ಎಂದೆ. ಆ ಸೋಮವಾರ ಐದು ತಿಂಗಳು ಬರಲಿಲ್ಲ. ನಡುವೆ ಒಂದು ನೇಮಕಾತಿ ಪರೀಕ್ಷೆ ಬಂದು ಹೋಯಿತು. ಕಟ್ ಆಫ್‌ಗೆ ನಾಲ್ಕು ಅಂಕ ಕಡಿಮೆ ಬಿತ್ತು. ನಾಲ್ಕು ಅಂಕ ಎಂದರೆ ಎಷ್ಟು ಬೆಳಗಿನ ಓದು ಎಂಬುದನ್ನು ಲೆಕ್ಕ ಹಾಕುವ ಧೈರ್ಯ ಇವತ್ತಿಗೂ ನನಗಿಲ್ಲ. ಅಪ್ಪನಿಗೆ ಫಲಿತಾಂಶ ಹೇಳಿದಾಗ, ‘ದಿನಾ ನಸುಕಿನ್ಯಾಗ ಎದ್ದು ಓದಿದ್ರೂ ಹಿಂಗಾತಲ್ಲಪಾ’ ಎಂದ. ಅವನು ನನ್ನನ್ನು ಸಮಾಧಾನ ಮಾಡುತ್ತಿದ್ದ.

ಆಮೇಲೆ ನಾನು ಮಾಡಿದ ಮೊದಲ ಕೆಲಸ, ಆ 21 ಎಲ್ಲಿಂದ ಬಂತು ಎಂದು ಹುಡುಕಿದ್ದು. ಸೋತವನು ಪಿಚ್ ನೋಡುವಂತೆ ಎನ್ನಿ.

ಅದು ಬಂದಿದ್ದು ಅಮೆರಿಕದ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದ ‘ಸೈಕೋ ಸೈಬರ್ನೆಟಿಕ್ಸ್’ ಎಂಬ ಪುಸ್ತಕದಿಂದ. ಪ್ರಕಟವಾಗಿದ್ದು 1960ರಲ್ಲಿ. ಮೂಗಿನದೋ ಮುಖದ್ದೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕನ್ನಡಿಯಲ್ಲಿ ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ಕೈಕಾಲು ಕಳೆದುಕೊಂಡವರಿಗೆ ಆ ಅಂಗ ಇನ್ನೂ ಇದೆ ಎಂಬ ಭ್ರಮೆ ಹೋಗುವುದಕ್ಕೂ ಸುಮಾರು ಅಷ್ಟೇ ದಿನ ಎಂದಿದ್ದರು. ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಎಂಬ ಮಾತು ಉದುರಿಹೋಯಿತು. ಹೊಸ ಮೂಗಿಗೆ ಒಗ್ಗುವ ಲೆಕ್ಕ ನಸುಕಿನಲ್ಲಿ ಏಳುವುದಕ್ಕೂ ಸಿಗರೇಟ್ ಬಿಡುವುದಕ್ಕೂ ಅಂಟಿಕೊಂಡಿತು. ಹಾಗೇ ತೇಲುತ್ತ ನಮ್ಮ ಕೋಚಿಂಗ್ ಕ್ಲಾಸಿನ ಬೋರ್ಡಿಗೂ ಬಂದು ಕೂತಿತು. ನಾನು ಮೂಗು ಬದಲಿಸಿಕೊಂಡಿರಲಿಲ್ಲ ಎಂಬುದಷ್ಟೇ ತೊಡಕು.

ಹಾಗಾದರೆ ನಿಜವಾಗಿ ಎಷ್ಟು ದಿನ? ಇದನ್ನು ಎಣಿಸಿ ನೋಡಿದವರಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಸೇರಿಸಿಕೊಂಡು 12 ವಾರ, ಅಂದರೆ 84 ದಿನ ಅಧ್ಯಯನ ನಡೆಸಿದರು. ಒಬ್ಬೊಬ್ಬರೂ ತಮಗೆ ಬೇಕಾದ ಒಂದು ಸಣ್ಣ ಕೆಲಸ ಆರಿಸಿಕೊಳ್ಳಬೇಕು. ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು ತಿನ್ನುವುದೋ, ನೀರು ಕುಡಿಯುವುದೋ, ರಾತ್ರಿ ಊಟಕ್ಕೆ ಮುಂಚೆ ಹದಿನೈದು ನಿಮಿಷ ಓಡುವುದೋ. ದಿನದಲ್ಲಿ ಒಂದು ಸಲ, ಒಂದೇ ಸನ್ನಿವೇಶದಲ್ಲಿ ಮಾಡಬೇಕು. ಮಾಡಿದಿರಾ ಇಲ್ಲವಾ, ಯೋಚನೆ ಮಾಡದೆ ತಾನಾಗಿಯೇ ಆಯಿತಾ, ಕಷ್ಟಪಟ್ಟು ಮಾಡಿದಿರಾ ಎಂದು ದಿನವೂ ಬರೆದು ತಿಳಿಸಬೇಕು.

ಈ ಅಧ್ಯಯನದ ಫಲಿತಾಂಶ 2010ರಲ್ಲಿ ಯುರೋಪಿನ ಸಾಮಾಜಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಯಿತು. ‘ತಾನಾಗಿಯೇ ಆಗುವ’ ಹಂತ ಮುಟ್ಟಲು ಹಿಡಿದ ಕಾಲ ಸುಮಾರು 66 ದಿನ. ಈಗ ಕೆಲವರು ಈ 66ನ್ನೇ ಹೊಸ 21 ಮಾಡಿಕೊಂಡಿದ್ದಾರೆ. ಆದರೆ 66 ಎಂಬುದು ಸಾಲಿನ ನಡುವೆ ನಿಂತವನ ಸಂಖ್ಯೆ. ಸಾಲಿನ ಒಂದು ತುದಿಯಲ್ಲಿ 18 ದಿನಕ್ಕೇ ರೂಢಿ ಮಾಡಿಕೊಂಡವರಿದ್ದರು, ಇನ್ನೊಂದು ತುದಿಯಲ್ಲಿ 254 ದಿನ ಬೇಕಾದೀತು ಎಂದು ಲೆಕ್ಕ ತೋರಿಸಿದವರಿದ್ದರು. ‘ಲೆಕ್ಕ ತೋರಿಸಿದ’ ಎಂದು ಬೇಕೆಂದೇ ಹೇಳಿದೆ. ಅಧ್ಯಯನ ನಡೆದಿದ್ದೇ 84 ದಿನ, ಅದರಾಚೆಗಿನದು ಗೆರೆಯನ್ನು ಮುಂದಕ್ಕೆ ಎಳೆದು ಪಡೆದ ಅಂದಾಜು. ನೀರು ಕುಡಿಯುವುದು ಬೇಗ ರೂಢಿಯಾಯಿತು. ವ್ಯಾಯಾಮಕ್ಕೆ ಅದರ ಒಂದೂವರೆ ಪಟ್ಟು ಕಾಲ ಹಿಡಿಯಿತು. 2023ರಲ್ಲಿ ಅಮೆರಿಕದ ಸಂಶೋಧಕರು ಜಿಮ್‌ಗೆ ಹೋಗುವವರ ಮತ್ತು ಆಸ್ಪತ್ರೆ ಸಿಬ್ಬಂದಿ ಕೈ ತೊಳೆಯುವ ದಾಖಲೆಗಳನ್ನು ಜರಡಿ ಹಿಡಿದಾಗಲೂ ಇಂಥದ್ದೇ ಕಂಡಿತು. ಕೈ ತೊಳೆಯುವುದು ಕೆಲವು ವಾರಗಳಲ್ಲಿ ರೂಢಿಯಾಗುತ್ತದೆ, ಜಿಮ್‌ಗೆ ತಿಂಗಳುಗಳೇ ಬೇಕು.

ಲ್ಯಾಲಿ ಅವರ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದಿನಗಳ ಸಂಖ್ಯೆ ಅಲ್ಲ, ಬೇರೆ ಎರಡು ಸಂಗತಿ. ಒಂದು, ಮೊದಲ ದಿನಗಳಲ್ಲಿ ಮಾಡಿದ ಪ್ರತಿ ಸಲಕ್ಕೂ ಅಭ್ಯಾಸ ಜಿಗಿಜಿಗಿದು ಗಟ್ಟಿಯಾಗುತ್ತದೆ, ಬರಬರುತ್ತ ಆ ಏರಿಕೆ ನಿಧಾನವಾಗುತ್ತದೆ. ಎರಡು, ನಡುವೆ ಒಂದು ದಿನ ತಪ್ಪಿದರೆ ಆಗುವ ನಷ್ಟ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ವಿಲಿಯಂ ಜೇಮ್ಸ್ ಎಂಬ ದೊಡ್ಡ ಮನೋವಿಜ್ಞಾನಿ 1890ರಲ್ಲೇ, ಹೊಸ ಅಭ್ಯಾಸ ಬೇರು ಬಿಡುವ ತನಕ ಒಂದೇ ಒಂದು ಸಲವೂ ತಪ್ಪಬಾರದು ಎಂದಿದ್ದರಂತೆ. ನಾನೂ ಅದನ್ನೇ ನಂಬಿದ್ದೆ. ನನ್ನನ್ನು ಕೆಡವಿದ್ದು 22ನೇ ದಿನದ ಆ ಒಂದು ರಾತ್ರಿ ಅಲ್ಲವೇ ಅಲ್ಲ. ಆ ರಾತ್ರಿಗೆ ನಾನು ಕೊಟ್ಟ ಅರ್ಥ. ಒಂದು ದಿನ ತಪ್ಪಿದ್ದಕ್ಕೆ ನೂರೈವತ್ತು ದಿನ ದಂಡ ಕಟ್ಟಿದೆ.

ಅಷ್ಟು ತಿಳಿದ ಮೇಲೂ ಒಂದು ಪ್ರಶ್ನೆ ಉಳಿದಿತ್ತು. ಇಪ್ಪತ್ತೊಂದು ದಿನ ಬಿಟ್ಟ ರೀಲ್ಸ್ ಒಂದೇ ರಾತ್ರಿಯಲ್ಲಿ ಅಷ್ಟು ಸಲೀಸಾಗಿ ಮರಳಿದ್ದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ರೂಮಿನಲ್ಲೇ.

ನನ್ನ ರೂಮ್‌ಮೇಟ್ ಹಾವೇರಿ ಕಡೆಯವನು. ಹೆಸರು ಹಾಕಬೇಡ, ಉಳಿದದ್ದು ಬರಿ ಎಂದಿದ್ದಾನೆ. ಪಿಯುಸಿಯಿಂದಲೂ ಗುಟ್ಕಾ. ದಿನಕ್ಕೆ ಏಳೆಂಟು ಚೀಟಿ. ಡಿಸೆಂಬರ್‌ನಲ್ಲಿ ಅವನು ಅಯ್ಯಪ್ಪನ ಮಾಲೆ ಹಾಕಿದ. ಕಪ್ಪು ಬಟ್ಟೆ, ನಸುಕಿನಲ್ಲಿ ತಣ್ಣೀರು ಸ್ನಾನ, ಚಾಪೆಯ ಮೇಲೆ ಮಲಗುವುದು, ಎರಡು ಹೊತ್ತು ಪೂಜೆ. 41 ದಿನ ಒಂದು ಚೀಟಿ ಮುಟ್ಟಲಿಲ್ಲ. ಕಷ್ಟವಾಗುತ್ತಿಲ್ಲವೇ ಎಂದರೆ ‘ನೆನಪs ಆಗೂದಿಲ್ಲೋ’ ಎನ್ನುತ್ತಿದ್ದ. ನಾನು ಬೆರಗಾಗಿದ್ದೆ. ಸಂಕ್ರಾಂತಿ ಮುಗಿಸಿ ಶಬರಿಮಲೆಯಿಂದ ಬಂದು ಮಾಲೆ ತೆಗೆದ. ಎರಡನೇ ದಿನ ಸಂಜೆ ಇಬ್ಬರೂ ಚಹಾ ಕುಡಿಯಲು ಯಾವತ್ತಿನ ಅಂಗಡಿಗೆ ಹೋದೆವು. ಅಂಗಡಿಯವ ಕೇಳಲಿಲ್ಲ, ಇವನೂ ಬೇಡಲಿಲ್ಲ. ಚಹಾ ಮುಗಿಯುವಷ್ಟರಲ್ಲಿ ಚೀಟಿ ಇವನ ಕೈಯಲ್ಲಿತ್ತು. ಹರಿದು ಬಾಯಿಗೆ ಹಾಕಿಕೊಂಡ ಮೇಲೆ ನನ್ನ ಮುಖ ನೋಡಿದ. ನಾನು ಏನೂ ಅನ್ನಲಿಲ್ಲ. ಅನ್ನುವ ಯೋಗ್ಯತೆ ನನಗೆಲ್ಲಿತ್ತು?

ನಂಬಿಕೆ ಸಾಲಲಿಲ್ಲ, ಮನಸ್ಸು ಗಟ್ಟಿಯಿರಲಿಲ್ಲ ಎಂದು ಸುಲಭವಾಗಿ ಹೇಳಿಬಿಡಬಹುದು. ನನಗೆ ಹಾಗನ್ನಿಸಲಿಲ್ಲ. ನಲವತ್ತೊಂದು ದಿನ ಅವನ ಬಟ್ಟೆ ಬೇರೆ, ಏಳುವ ಹೊತ್ತು ಬೇರೆ, ಊಟ ಬೇರೆ, ಕರೆಯುವ ಹೆಸರೇ ಬೇರೆ. ಎಲ್ಲರೂ ‘ಸ್ವಾಮಿ’ ಎನ್ನುತ್ತಿದ್ದರು. ಚಹಾ ಅಂಗಡಿಯ ಬೆಂಚಿನ ಮೇಲೆ ಅವನು ಕೂತಿರಲೇ ಇಲ್ಲ. ಗುಟ್ಕಾದ ನೆನಪು ತರುವ ಯಾವುದೂ ಅವನ ಸುತ್ತ ಇರಲಿಲ್ಲ. ಮಾಲೆ ತೆಗೆದ ಮೇಲೆ ಅದೆಲ್ಲ ಒಮ್ಮೆಗೇ ಮರಳಿತು. ಅದೇ ಬೆಂಚು, ಅದೇ ಚಹಾ, ಅದೇ ಹೊತ್ತು. ಕೈ ತನ್ನ ಕೆಲಸ ತಾನು ಮಾಡಿತು.

ಅಭ್ಯಾಸಗಳ ಮೇಲೆ ಕೆಲಸ ಮಾಡಿದವರು ಹೇಳುವುದೂ ಇದನ್ನೇ. ಅಮೆರಿಕದ ವೆಂಡಿ ವುಡ್ ಮತ್ತು ಸಂಗಡಿಗರ ಒಂದು ಪ್ರಯೋಗ ತಮಾಷೆಯಾಗಿದೆ. ಸಿನಿಮಾಕ್ಕೆ ಬಂದವರಿಗೆ ಕೆಲವರಿಗೆ ತಾಜಾ ಪಾಪ್‌ಕಾರ್ನ್, ಕೆಲವರಿಗೆ ಒಂದು ವಾರದ ಹಿಂದಿನ ಮೆತ್ತಗಾದ ಪಾಪ್‌ಕಾರ್ನ್ ಕೊಟ್ಟರು. ಸಿನಿಮಾದಲ್ಲಿ ಪಾಪ್‌ಕಾರ್ನ್ ತಿನ್ನುವ ರೂಢಿ ಗಟ್ಟಿಯಾಗಿದ್ದವರು ಹಳಸಿದ್ದನ್ನೂ ತಾಜಾದಷ್ಟೇ ತಿಂದರು. ಚೆನ್ನಾಗಿಲ್ಲ ಎಂದು ಗೊತ್ತಿದ್ದೂ ತಿಂದರು. ಅಂಥವರನ್ನೇ ಸಭೆ ನಡೆಯುವ ಕೋಣೆಯಲ್ಲಿ ಕೂರಿಸಿ ಕೊಟ್ಟಾಗ ಹಳಸಿದ್ದನ್ನು ದೂರ ಸರಿಸಿದರು. ನಾಲಿಗೆ ಅದೇ, ಜಾಗ ಬದಲಾಗಿತ್ತು. ಇನ್ನೂ ಒಂದು ತಂತ್ರ ಮಾಡಿದರು. ಸಿನಿಮಾ ಮಂದಿರದಲ್ಲೇ, ರೂಢಿಯಿಲ್ಲದ ಕೈಯಲ್ಲಿ ತಿನ್ನಿ ಎಂದರು. ಆಗಲೂ ಹಳಸಿದ್ದು ಬಾಯಿಗೆ ಹೋಗುವುದು ಕಡಿಮೆಯಾಯಿತು.

ವಿಯೆಟ್ನಾಂ ಯುದ್ಧದ ಸಂಗತಿ ಇದಕ್ಕಿಂತ ಗಂಭೀರ. ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐದರಲ್ಲೊಬ್ಬರು ಮಾದಕ ದ್ರವ್ಯಕ್ಕೆ ದಾಸರಾಗಿದ್ದರು. ಅವರು ದೇಶಕ್ಕೆ ಮರಳಿದರೆ ಗತಿಯೇನು ಎಂದು ಸರ್ಕಾರವೇ ಹೆದರಿತ್ತು. 1971ರಲ್ಲಿ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತನಾಡಿಸಿದರು. ವ್ಯಸನಿಗಳಾಗಿದ್ದವರಲ್ಲಿ ಮೊದಲ ವರ್ಷದಲ್ಲಿ ಮತ್ತೆ ಅದಕ್ಕೆ ಬಿದ್ದವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ. ಎಷ್ಟೋ ಮಂದಿ ಇದನ್ನು ನಂಬಲಿಲ್ಲ. ಯುದ್ಧದ ಭಯ ಇಲ್ಲದಿರುವುದು, ಊರಿನಲ್ಲಿ ಸುಲಭವಾಗಿ ಸಿಗದಿರುವುದು, ಹೀಗೆ ಕಾರಣಗಳು ಹಲವು ಇದ್ದೀತು. ಆದರೆ ಆ ಅಭ್ಯಾಸ ಬೆಳೆದ ಕಾಡು, ಆ ಗೆಳೆಯರು, ಆ ದಿನಚರಿ ಯಾವುದೂ ಮನೆಗೆ ಅವರ ಹಿಂದೆ ಬರಲಿಲ್ಲ ಎಂಬುದಂತೂ ನಿಜ.

ನಮ್ಮ ಹುಡುಗನದು ಉಲ್ಟಾ. ಬಿಟ್ಟಿದ್ದು ಮಾಲೆಯ ದಿನಗಳಲ್ಲಿ, ಮರಳಿದ್ದು ಹಳೆಯ ಬೆಂಚಿಗೆ. ಹಳೆಯ ಅಭ್ಯಾಸ ಅಳಿಸಿಹೋಗುವುದಿಲ್ಲ, ಮೆದುಳಿನಲ್ಲಿ ಮುದುರಿ ಮಲಗಿರುತ್ತದೆ. ಎಂಐಟಿಯ ಆನ್ ಗ್ರೇಬಿಯಲ್ ಅವರ ಪ್ರಯೋಗಾಲಯದ ಇಲಿಗಳಲ್ಲಿ, ಆಸೆಯ ತಿನಿಸು ನಿಲ್ಲಿಸಿದಾಗ ಮಾಯವಾದ ಅಭ್ಯಾಸದ ಗುರುತು, ತಿನಿಸು ಮರಳಿ ಬಂದೊಡನೆ ಮೆದುಳಿನಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ಇದನ್ನು ಓದಿ ನನಗೆ ಬೇಸರವಾಗುವ ಬದಲು ಹಗುರವೆನಿಸಿತು. ನನ್ನೊಳಗೆ ಏನೋ ಕೆಟ್ಟು ಹೋಗಿದೆ ಎಂದು ತಿಳಿದಿದ್ದೆ. ಕೆಟ್ಟಿದ್ದು ದಿಂಬಿನ ಪಕ್ಕದ ಜಾಗ.

ಜನವರಿ ಕೊನೆಯ ವಾರ ನಾನು ಮಾಡಿದ್ದು ಇಷ್ಟು. ಊರಿನಿಂದ ತಂದಿದ್ದ ಕಬ್ಬಿಣದ ಟ್ರಂಕ್ ಮಂಚದ ಕೆಳಗಿತ್ತು. ಅದನ್ನು ಎಳೆದು ಬಾಗಿಲ ಪಕ್ಕದ ಮೂಲೆಯಲ್ಲಿಟ್ಟೆ. ರಾತ್ರಿ ಖಾನಾವಳಿಯಲ್ಲಿ ಊಟ ಮುಗಿಸಿ ರೂಮಿಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಮೊಬೈಲ್ ಟ್ರಂಕಿನೊಳಗೆ. ಕೀಲಿ ಮೊಳೆಗೆ. ‘ರಾತ್ರಿ ಮೊಬೈಲ್ ಕಡಿಮೆ ಮಾಡುತ್ತೇನೆ’ ಎಂಬ ಸಂಕಲ್ಪವನ್ನು ಬಿಟ್ಟೇಬಿಟ್ಟೆ. ಅದರ ಜಾಗದಲ್ಲಿ ‘ಚಪ್ಪಲಿ ಬಿಟ್ಟರೆ ಟ್ರಂಕ್’ ಎಂಬ ಎರಡು ಮಾತು. ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಎಂದು ಹೀಗೆ ಮುಂಚೆಯೇ ಜೋಡಿಸಿಕೊಂಡವರು, ಬರೀ ಆಸೆ ಇಟ್ಟುಕೊಂಡವರಿಗಿಂತ ಹೆಚ್ಚು ಸಲ ಕೆಲಸ ಮಾಡಿ ಮುಗಿಸುತ್ತಾರೆ ಎಂದು ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ ತೋರಿಸಿದ್ದಾರೆ.

ಬೆಳಿಗ್ಗೆಯದಕ್ಕೆ ನಾನು ಏನೂ ಯೋಚಿಸಿರಲಿಲ್ಲ. ಅದು ತಾನಾಗಿ ಆಯಿತು. ಮೊದಲ ದಿನ ಐದೂವರೆಗೆ ಅಪ್ಪನ ಫೋನ್ ಬಂತು. ಟ್ರಂಕಿನೊಳಗೆ! ಕಬ್ಬಿಣದ ಡಬ್ಬಿಯಲ್ಲಿ ಅದು ಗಿರಣಿ ಶುರುವಾದಂತೆ ಸದ್ದು ಮಾಡಿತು. ರೂಮ್‌ಮೇಟ್ ಮಲಗಿದ್ದಲ್ಲಿಂದಲೇ ನನ್ನ ವಂಶವನ್ನೆಲ್ಲ ನೆನೆದ. ಬಿದ್ದಂಬೀಳ ಎದ್ದು, ಕತ್ತಲಲ್ಲಿ ಕೀಲಿ ತಡಕಿ, ಟ್ರಂಕ್ ತೆರೆದು ‘ಹಲೋ’ ಎನ್ನುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

‘ಎದ್ದೀಯೇನಪಾ?’

‘ಎದ್ದೇನಿ’ ಎಂದೆ. ಒಂದು ವರ್ಷದಲ್ಲಿ ಮೊದಲ ಸಲ ಅದು ನಿಜವಾಗಿತ್ತು.

ಆಮೇಲೆ ಎಲ್ಲ ಸಲೀಸಾಗಿ ನಡೆಯಿತು ಎಂದು ಬರೆದರೆ ಮತ್ತೆ ಸುಳ್ಳಾಗುತ್ತದೆ. ಮೊದಲ ಎರಡು ವಾರ ರಾತ್ರಿ ಕೈ ದಿಂಬಿನ ಪಕ್ಕ ತಡಕುತ್ತಿತ್ತು. ಕ್ರಿಕೆಟ್ ಇದ್ದ ದಿನ ಟ್ರಂಕ್ ತೆರೆದಿದ್ದೇನೆ. ಯುಗಾದಿಗೆ ಊರಿಗೆ ಹೋದಾಗ ಟ್ರಂಕೂ ಇಲ್ಲ, ಖಾನಾವಳಿಯೂ ಇಲ್ಲ, ನಾಲ್ಕು ರಾತ್ರಿ ಹಳೆಯ ಕಥೆಯೇ. ಕಳೆದ ಸಲವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈ ಸಲ ಧಾರವಾಡಕ್ಕೆ ಮರಳಿದ ರಾತ್ರಿ ಚಪ್ಪಲಿ ಬಿಟ್ಟೆ, ಟ್ರಂಕ್ ತೆರೆದೆ. ಯಾವ ಸೋಮವಾರಕ್ಕೂ ಕಾಯಲಿಲ್ಲ. 66ನೇ ದಿನ ಯಾವ ಗಂಟೆಯೂ ಬಾರಿಸಲಿಲ್ಲ. ಕ್ಯಾಲೆಂಡರಿನಲ್ಲಿ ಗೀಟು ಹಾಕುವುದನ್ನು ನಾನಾಗಲೇ ಬಿಟ್ಟಿದ್ದೆ.

ಮೇ ಮೊದಲ ವಾರ ಒಂದು ರಾತ್ರಿ ಅಡ್ಡಮಳೆ ಬಂದು ಕರೆಂಟ್ ಹೋಯಿತು. ಮಲಗಿದ ಮೇಲೆ ಮೊಬೈಲಿನ ಟಾರ್ಚ್ ಬೇಕೆನಿಸಿ ಜೇಬು ಮುಟ್ಟಿ ನೋಡಿದೆ, ಇಲ್ಲ. ಖಾನಾವಳಿಯಲ್ಲಿ ಮರೆತು ಬಂದೆನೇ ಎಂದು ಗಾಬರಿಯಾಯಿತು. ಆಮೇಲೆ ಹೊಳೆಯಿತು. ಟ್ರಂಕಿನೊಳಗಿದೆ. ನಾನೇ ಇಟ್ಟಿದ್ದೇನೆ. ಇಟ್ಟಿದ್ದು ನನಗೇ ನೆನಪಿಲ್ಲ. ಲೆಕ್ಕ ಹಾಕಿದರೆ ಅಲ್ಲಿಗೆ ಸುಮಾರು ನೂರು ದಿನ. ನಿಮ್ಮದು ನಲವತ್ತಕ್ಕೇ ಆಗಬಹುದು, ಇನ್ನೂರಾಗಬಹುದು.

ರೂಮ್‌ಮೇಟ್‌ನದು ನನ್ನಷ್ಟು ಸುಲಭದ್ದಲ್ಲ. ತಂಬಾಕಿನ ನಿಕೋಟಿನ್ ದೇಹವನ್ನೇ ಹಿಡಿದುಕೊಳ್ಳುತ್ತದೆ, ಬರೀ ಜಾಗ ಬದಲಿಸಿದರೆ ಸಾಲದು. ಆ ಚೀಟಿಯ ಮೇಲೆ ಕೆಟ್ಟ ಚಿತ್ರದ ಜೊತೆ ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿಯ ನಂಬರು ಇರುತ್ತದೆ, 1800–11–2356. ಇಷ್ಟು ವರ್ಷ ಹರಿದು ಬಿಸಾಡುತ್ತಿದ್ದವನು ಮಾರ್ಚ್‌ನಲ್ಲಿ ಒಂದು ದಿನ ಅದಕ್ಕೆ ಫೋನ್ ಮಾಡಿದ. ಚಹಾ ಅಂಗಡಿ ಬದಲಿಸಿದ. ಈಗ ಚಹಾ ಕುಡಿಯಲು ನಾವು ಇನ್ನೊಂದು ಓಣಿಗೆ ನಡೆಯುತ್ತೇವೆ, ಅಲ್ಲಿ ಚಹಾ ಸುಮಾರಾಗಿರುತ್ತದೆ. ಮೂರು ಸಲ ಜಾರಿದ್ದಾನೆ. ಮೂರು ಸಲವೂ ಬಂದು ಹೇಳಿದ್ದಾನೆ. ನಾಲ್ಕನೆಯ ಸಲ ಇನ್ನೂ ಆಗಿಲ್ಲ.

ಅಪ್ಪನ ಫೋನೂ ಒಂದು ಅಭ್ಯಾಸವೇ ಎಂದು ನನಗೆ ಹೊಳೆದದ್ದು ಈಚೆಗೆ. ಮೊನ್ನೆ ಎಮ್ಮೆ ಗಬ್ಬವಾಗಿ ಹಾಲು ಬತ್ತಿತು. ಹಿಂಡುವ ಕೆಲಸವಿಲ್ಲ. ಆ ದಿನ ಐದೂವರೆಗೆ ಫೋನ್ ಬರಲಿಲ್ಲ. ನಾನು ಐದೂ ಮೂವತ್ತೈದಕ್ಕೆ ಎದ್ದು ಟ್ರಂಕಿನ ಎದುರು ಕೂತಿದ್ದೆ. ಆರಕ್ಕೆ ನಾನೇ ಮಾಡಿದೆ.

‘ಎದ್ದೀಯೇನಪಾ?’ ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಹೂಂನಪಾ, ಎದ್ದೇನಿ’ ಎಂದ ಅಪ್ಪ. ದನಿ ಕೇಳಿದರೆ ಹೊದಿಕೆಯೊಳಗೇ ಇದ್ದ.